ಬಿಟ್ಟ ಮೇಲಿನ ಹದಿನೈದು ದಿನ: ಹೆರಾಯಿನ್ ನಿಜಕ್ಕೂ ಕೊಲ್ಲುವುದು ಹೇಗೆ?

2025ರ ಜುಲೈನಲ್ಲಿ ಮುಂಬೈ ಪೊಲೀಸರು ಮೈಸೂರಿಗೇ ಬಂದು ಡ್ರಗ್ಸ್ ತಯಾರಿಸುವ ಘಟಕವೊಂದನ್ನು ಪತ್ತೆ ಮಾಡಿದಾಗ ಊರು ಬೆಚ್ಚಿಬಿತ್ತು. ಸಿಕ್ಕ ಮಾಲು ನೂರೆಂಬತ್ತು ಕಿಲೋಗೂ ಜಾಸ್ತಿ. ಬೆಲೆ 380 ಕೋಟಿ ರೂಪಾಯಿ ದಾಟುತ್ತದೆ ಎಂದರು ಪೊಲೀಸರು. ಮಲ್ಲಿಗೆ, ಮೈಸೂರು ಪಾಕ್, ದಸರಾ ಅಂತ ಹೆಸರು ಮಾಡಿದ ಊರು ಒಂದೇ ದಿನದಲ್ಲಿ ಬೇರೆ ಕಾರಣಕ್ಕೆ ದೇಶದ ಸುದ್ದಿಯಾಯಿತು.

ಆಮೇಲೆ ಶುರುವಾಗಿದ್ದು ಗೊಂದಲ. ಪೇಪರಿನಲ್ಲಿ ಬಂದದ್ದು ಎಂಡಿ ಎಂಬ ಮಾದಕವಸ್ತು. ವಾಟ್ಸಾಪಿನಲ್ಲಿ ಓಡಾಡಿದ್ದು ಹೆರಾಯಿನ್. ಬೀದಿ ಕೊನೆಯ ಟೀ ಅಂಗಡಿಯಲ್ಲಿ ಎಲ್ಲಕ್ಕೂ ಒಂದೇ ಹೆಸರು, ಗಾಂಜಾ. ಇದರ ಮಧ್ಯೆ ಇನ್ನೊಂದು ಸುದ್ದಿ ಜನರ ತಲೆ ಕೆಡಿಸಿದೆ. ಹೆರಾಯಿನ್ ಚಟ ಇರುವವರಿಗೆ ಸರ್ಕಾರವೇ ದಿನಾ ಒಂದು ಮಾತ್ರೆ ಕೊಡುತ್ತದಂತೆ, ಅದೂ ವರ್ಷಗಟ್ಟಲೆ. ಚಟ ಬಿಡಿಸೋಕೆ ಇನ್ನೊಂದು ಚಟನಾ ಅನ್ನೋದು ನ್ಯಾಯವಾದ ಪ್ರಶ್ನೆಯೇ. ಉತ್ತರ ಬೇಕು ಅಂದರೆ ಹೆರಾಯಿನ್ ದೀರ್ಘಕಾಲದಲ್ಲಿ ದೇಹಕ್ಕೆ ಏನು ಮಾಡುತ್ತದೆ ಅನ್ನುವುದರಿಂದ ಶುರು ಮಾಡಬೇಕು.

ಸಕ್ಕರೆ ನಾಡಿನಲ್ಲಿ ಬ್ರೌನ್ ಶುಗರ್

ಮಂಡ್ಯದವರಿಗೆ ಬ್ರೌನ್ ಶುಗರ್ ಅಂದರೆ ನಗು ಬರಬಹುದು. ಆಲೆಮನೆ ನೋಡಿ ಬೆಳೆದವರಿಗೆ ಕಂದು ಸಕ್ಕರೆ ಅಂದರೆ ಬೆಲ್ಲದ ಪುಡಿ, ಅಷ್ಟೇ ಅಲ್ವಾ? ನಶೆಯ ಲೋಕದಲ್ಲಿ ಆ ಹೆಸರು ಅಗ್ಗದ, ಕೊಳಕು, ಏನೇನೋ ಬೆರೆಸಿದ ಹೆರಾಯಿನ್ನಿನದು.

ಅದರ ಮೂಲ ನಮ್ಮ ಅಡುಗೆಮನೆಗೆ ಗೊತ್ತಿರುವ ಗಿಡವೇ. ಹಬ್ಬಕ್ಕೆ ಪಾಯಸ ಮಾಡುವ ಗಸಗಸೆ ಇದೆಯಲ್ಲ, ಅದೇ ಗಿಡ. ಬಲಿತ ಕಾಯಿಯ ಬೀಜ ಪಾಯಸಕ್ಕೆ. ಹಸಿ ಕಾಯಿಯನ್ನು ಗೀರಿದಾಗ ಒಸರುವ ಹಾಲು ಒಣಗಿದರೆ ಅಫೀಮು. ಅಫೀಮಿನಿಂದ ಮಾರ್ಫಿನ್, ಮಾರ್ಫಿನ್‌ನಿಂದ ಹೆರಾಯಿನ್. 1874ರಲ್ಲಿ ಲಂಡನ್ನಿನಲ್ಲಿ ಒಬ್ಬ ರಸಾಯನ ವಿಜ್ಞಾನಿ ಇದನ್ನು ಮೊದಲು ತಯಾರಿಸಿದ. 1898ರಲ್ಲಿ ಜರ್ಮನಿಯ ಬೇಯರ್ ಕಂಪನಿ ಇದನ್ನು ಕೆಮ್ಮಿನ ಔಷಧಿ ಅಂತ ಮಾರಾಟಕ್ಕೆ ಬಿಟ್ಟಿತು. 'ಹೆರಾಯಿನ್' ಅನ್ನುವುದು ಆಗ ಆ ಕಂಪನಿ ಇಟ್ಟ ಬ್ರ್ಯಾಂಡ್ ಹೆಸರು.

ಮೈಸೂರಿನಲ್ಲಿ ಸಿಕ್ಕಿದ್ದು ಇದಲ್ಲ. ಎಂಡಿ, ಅಂದರೆ ಮೆಫೆಡ್ರೋನ್, ಪೂರ್ತಿ ಕಾರ್ಖಾನೆಯ ಸರಕು. ಅದು ನಿದ್ದೆ ಓಡಿಸಿ, ಎದೆಬಡಿತ ಏರಿಸಿ ದೇಹವನ್ನು ಓಡಿಸುವ ಜಾತಿ. ಹೆರಾಯಿನ್ ದೇಹವನ್ನು ಮಲಗಿಸುವ ಜಾತಿ. 'ಸೊಪ್ಪು' ಅಂತ ಹುಡುಗರು ಕರೆಯುವ ಗಾಂಜಾ ಇವೆರಡಕ್ಕೂ ಸೇರದ ಮೂರನೆಯದು. ಇದು ಬರೀ ಪುಸ್ತಕದ ಜ್ಞಾನ ಅಂದುಕೊಳ್ಳಬೇಡಿ. ಪ್ರಜ್ಞೆ ತಪ್ಪಿದವನನ್ನು ಆಸ್ಪತ್ರೆಗೆ ತಂದಾಗ ಯಾವ ಔಷಧಿ ಕೊಡಬೇಕು ಅನ್ನುವುದು ಇದರ ಮೇಲೇ ನಿಂತಿರುತ್ತದೆ.

ನಮ್ಮೂರಿಗೆ ಇದು ಯಾಕೆ ಬೇಕು?

ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ದೇಶವ್ಯಾಪಿ ಸಮೀಕ್ಷೆಯ ವರದಿ 2019ರಲ್ಲಿ ಹೊರಬಂತು. ಅದರ ಪ್ರಕಾರ ದೇಶದಲ್ಲಿ ಸುಮಾರು 2.26 ಕೋಟಿ ಜನ ಅಫೀಮು ಜಾತಿಯ ಯಾವುದೋ ಒಂದನ್ನು ಬಳಸುತ್ತಿದ್ದರು. ಅದರಲ್ಲಿ ಹೆರಾಯಿನ್ನಿನದೇ ದೊಡ್ಡ ಪಾಲು, ಜನಸಂಖ್ಯೆಯ ಶೇ 1.14. ಪಂಜಾಬ್ ಮತ್ತು ಈಶಾನ್ಯ ರಾಜ್ಯಗಳಲ್ಲಿ ಈ ಹಾವಳಿ ವಿಪರೀತ. ಹಳೇ ಮೈಸೂರು ಭಾಗದಲ್ಲಿ ಇವತ್ತಿಗೂ ದೊಡ್ಡ ಚಟ ಅಂದರೆ ಎಣ್ಣೆಯೇ.

ಹಾಗಾದರೆ ನಮಗೇನು ಅಂತ ಕೈ ತೊಳೆದುಕೊಳ್ಳುವ ಹಾಗಿಲ್ಲ. ಅದೇ ಸಮೀಕ್ಷೆಯಲ್ಲಿ ನೋವಿನ ಮಾತ್ರೆಗಳಂಥ ಔಷಧಿಗಳನ್ನು ನಶೆಗೆ ಬಳಸುವವರು ಶೇ 0.96 ಇದ್ದರು. ಹೆರಾಯಿನ್ನಿಗಿಂತ ಸ್ವಲ್ಪವೇ ಕಮ್ಮಿ. ಕರ್ನಾಟಕದ ಪೊಲೀಸರು ಇತ್ತೀಚಿನ ವರ್ಷಗಳಲ್ಲಿ ಹಿಡಿದ ಪ್ರಕರಣಗಳಲ್ಲಿ ಟಪೆಂಟಡಾಲ್ ಮಾತ್ರೆ ಮತ್ತೆ ಮತ್ತೆ ಕಾಣುತ್ತಿದೆ. ಆಪರೇಷನ್ ನೋವಿಗೆ, ಕ್ಯಾನ್ಸರ್ ನೋವಿಗೆ ವೈದ್ಯರು ಬರೆಯುವ ಮಾತ್ರೆ ಅದು. ಹುಡುಗರು ಅದನ್ನು ಪುಡಿ ಮಾಡಿ, ನೀರಲ್ಲಿ ಕದಡಿ, ಸಿರಿಂಜಿನಲ್ಲಿ ಎಳೆದು ನರಕ್ಕೆ ಚುಚ್ಚಿಕೊಳ್ಳುತ್ತಾರೆ. ಹೆಸರು ಬೇರೆ, ಮೆಡಿಕಲ್ ಶಾಪಿನ ಬಿಲ್ಲು ಬೇರೆ. ಮೆದುಳಿನಲ್ಲಿ ಹೋಗಿ ಕೂರುವ ಜಾಗ ಮಾತ್ರ ಹೆರಾಯಿನ್ ಕೂರುವ ಜಾಗವೇ. ಹೆರಾಯಿನ್ ಬಗ್ಗೆ ಗೊತ್ತಿರುವುದು ಬಹುಪಾಲು ಈ ಮಾತ್ರೆಗೂ ಅನ್ವಯಿಸುತ್ತದೆ.

ಬೀಗ, ಕೀಲಿ ಮತ್ತು ಕೆರೆ ಏರಿ

ಪೆಟ್ಟು ಬಿದ್ದಾಗ ನೋವು ತಗ್ಗಿಸಲು ನಮ್ಮ ದೇಹವೇ ಎಂಡಾರ್ಫಿನ್ ಎಂಬ ರಾಸಾಯನಿಕ ಮಾಡಿಕೊಳ್ಳುತ್ತದೆ. ಅದು ಮೆದುಳಿನ ಕೆಲವು ಬೀಗಗಳಿಗೆ ಹೊಂದುವ ಕೀಲಿ. ಹೆರಾಯಿನ್ ಒಳಗೆ ಹೋಗಿ ಮಾರ್ಫಿನ್ ಆಗಿ ಅದೇ ಬೀಗ ತೆಗೆಯುತ್ತದೆ, ಆದರೆ ಒದ್ದು ತೆಗೆದ ಹಾಗೆ. ನೋವು ಮಾಯ, ಚಿಂತೆ ಮಾಯ, ಮೈತುಂಬ ಬೆಚ್ಚಗಿನ ಸುಖ. ತೊಂದರೆ ಏನೆಂದರೆ, ಉಸಿರಾಟದ ಲಯ ಕಾಯುವ ಮೆದುಳಿನ ಬುಡದಲ್ಲೂ ಇದೇ ಬೀಗಗಳಿವೆ. ಅಲ್ಲೂ ಕೀಲಿ ತಿರುಗಿದರೆ ಉಸಿರು ನಿಧಾನವಾಗುತ್ತದೆ. ಡೋಸ್ ಜಾಸ್ತಿಯಾದರೆ ನಿಂತೇ ಹೋಗುತ್ತದೆ.

ದಿನಾ ಹೀಗೆ ಆದರೆ ದೇಹ ಸುಮ್ನೆ ಕೂರುವುದಿಲ್ಲ. ಮಳೆಗಾಲದಲ್ಲಿ ಕೆರೆಗೆ ನೀರು ಜಾಸ್ತಿ ಬಂದರೆ ಊರವರು ಏರಿ ಎತ್ತರಿಸುವಂತೆ ಅದೂ ತನ್ನ ತಡೆಯನ್ನು ಎತ್ತರಿಸಿಕೊಳ್ಳುತ್ತದೆ. ಮೊದಲಿನ ಡೋಸ್ ಈಗ ಸಾಲುವುದಿಲ್ಲ. ಅವನು ಹೆಚ್ಚಿಸುತ್ತಾನೆ, ಏರಿ ಇನ್ನೂ ಮೇಲೇಳುತ್ತದೆ. ಹೊಸಬನ ಉಸಿರು ನಿಲ್ಲಿಸುವಷ್ಟು ಪ್ರಮಾಣ ಕೆಲವೇ ತಿಂಗಳಲ್ಲಿ ಅವನಿಗೆ ಬೆಳಗ್ಗೆ ಎದ್ದು ಓಡಾಡಲು ಬೇಕಾದ ಪ್ರಮಾಣವಾಗುತ್ತದೆ. ಆ ಹೊತ್ತಿಗೆ ಸುಖ ಎಂಬುದು ಹೆಚ್ಚೇನೂ ಉಳಿದಿರುವುದಿಲ್ಲ. ತಗೊಳ್ಳುವುದು ಸರಿಯಾಗಿರೋಕೆ, ಅಷ್ಟೇ.

ನಿಲ್ಲಿಸಿದರೆ ಆರರಿಂದ ಹನ್ನೆರಡು ಗಂಟೆಯೊಳಗೆ ಶುರುವಾಗುತ್ತದೆ. ಮೊದಲು ಆಕಳಿಕೆ. ಮೂಗು, ಕಣ್ಣಲ್ಲಿ ನೀರು. ರೋಮ ನಿಮಿರಿ ಚರ್ಮ ಕೋಳಿ ಮೈ ಆಗುತ್ತದೆ. ಹೊಟ್ಟೆ ನುಲಿತ, ಭೇದಿ, ಮೂಳೆ ಮುರಿದಂಥ ನೋವು, ಕಾಲು ಝಾಡಿಸುವುದು. ಎರಡು ಮೂರನೇ ದಿನಕ್ಕೆ ತುತ್ತತುದಿ ಮುಟ್ಟಿ, ವಾರದ ಹೊತ್ತಿಗೆ ಇಳಿಯುತ್ತದೆ. ನೋಡಲು ಭಯಂಕರ, ಆದರೆ ಸರಿಯಾಗಿ ನೀರು ಆಹಾರ ನೋಡಿಕೊಂಡರೆ ಇದರಿಂದಲೇ ಸಾಯುವುದು ಅಪರೂಪ. ತಮಾಷೆ ಏನೆಂದರೆ, ವರ್ಷಗಟ್ಟಲೆ ಕುಡಿದವನು ಹೆಂಡ ದಿಢೀರ್ ನಿಲ್ಲಿಸಿದರೆ ಫಿಟ್ಸ್ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಅದಕ್ಕೆ ನಾವು ಅಷ್ಟು ಹೆದರುವುದಿಲ್ಲ.

ವರ್ಷಗಳು ಉರುಳಿದಂತೆ

ಶಾಲೆ ಗೋಡೆಯ ಪೋಸ್ಟರುಗಳಲ್ಲಿ ತಲೆಬುರುಡೆ ಇರುತ್ತದೆ, ಕೊಳೆತ ಲಿವರ್ ಇರುತ್ತದೆ. ನಿಜ ಇದಕ್ಕಿಂತ ಸ್ವಲ್ಪ ವಿಚಿತ್ರ. ಶುದ್ಧ ಅಫೀಮು ಜಾತಿಯ ಔಷಧಿ, ಅಳತೆ ಮಾಡಿ ಕೊಟ್ಟರೆ, ಹೆಂಡದ ಹಾಗೆ ಲಿವರನ್ನು ನೇರವಾಗಿ ತಿನ್ನುವುದಿಲ್ಲ. ಅದರ ಹಾನಿ ನಿಧಾನದ್ದು, ಸದ್ದಿಲ್ಲದ್ದು.

ಕರುಳು ಮಂದವಾಗುತ್ತದೆ, ಮಲಬದ್ಧತೆ ವರ್ಷಗಟ್ಟಲೆ ಬಿಡುವುದಿಲ್ಲ. ಗಂಡಸರಲ್ಲಿ ಟೆಸ್ಟೋಸ್ಟೆರಾನ್ ಕುಸಿದು ಲೈಂಗಿಕ ಶಕ್ತಿ, ಸ್ನಾಯು, ಹುರುಪು ಎಲ್ಲ ಇಳಿಯುತ್ತವೆ. ಹೆಂಗಸರಲ್ಲಿ ಮುಟ್ಟು ಏರುಪೇರಾಗುತ್ತದೆ, ಕೆಲವರಿಗೆ ನಿಂತೇ ಹೋಗುತ್ತದೆ. ಮೂಳೆ ತೆಳುವಾಗುತ್ತದೆ. ಬಾಯಿ ಒಣಗಿ, ಸಿಹಿ ತಿನ್ನುವ ಆಸೆ ಹೆಚ್ಚಿ, ಹಲ್ಲು ಹಾಳಾಗುತ್ತದೆ. ನೋವು ಕೊಲ್ಲುವ ವಸ್ತುವೇ ಕಾಲಕ್ರಮೇಣ ನೋವಿನ ಸೂಕ್ಷ್ಮತೆ ಹೆಚ್ಚಿಸುವುದೂ ಉಂಟು. ಖಿನ್ನತೆ, ನಿದ್ದೆಗೇಡು ಜೊತೆಗೇ ಬರುತ್ತವೆ.

ಗರ್ಭಿಣಿ ಬಳಸಿದರೆ ಮಗುವಿನ ದೇಹವೂ ಏರಿ ಎತ್ತರಿಸಿಕೊಂಡಿರುತ್ತದೆ. ಹುಟ್ಟಿದ ಮೇಲೆ ಪೂರೈಕೆ ನಿಂತು ಮಗು ಕೀರಲು ದನಿಯಲ್ಲಿ ಅಳುತ್ತದೆ, ನಡುಗುತ್ತದೆ, ಹಾಲು ಕುಡಿಯುವುದಿಲ್ಲ. ಇದಕ್ಕೆ ಚಿಕಿತ್ಸೆ ಇದೆ. ತಾಯಿಗೆ ಬಸಿರಲ್ಲಿ ದಿಢೀರ್ ನಿಲ್ಲಿಸಿಬಿಡಿ ಅನ್ನುವುದು ಮಾತ್ರ ತಪ್ಪು ಸಲಹೆ. ಅದರಿಂದ ಗರ್ಭಕ್ಕೇ ಅಪಾಯ. ವೈದ್ಯರು ಆಗಲೂ ಅಳತೆಯ ಔಷಧಿಗೆ ಬದಲಿಸುವುದೇ ಇದಕ್ಕೆ.

ಪುಡಿಗಿಂತ ಸೂಜಿ

ದೊಡ್ಡ ಹಾನಿಗಳಲ್ಲಿ ಹೆಚ್ಚಿನವು ಬರುವುದು ಅದನ್ನು ಒಳಗೆ ಕಳಿಸುವ ದಾರಿಯಿಂದ. ಒಂದೇ ಸೂಜಿ ಇಬ್ಬರು ಮೂವರ ಕೈಗೆ ಹೋದರೆ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮೂರೂ ಹರಡುತ್ತವೆ. ಹೆಪಟೈಟಿಸ್ ಸಿ ಹತ್ತಿಪ್ಪತ್ತು ವರ್ಷ ಏನೂ ಗೊತ್ತಾಗದಂತೆ ಇದ್ದು ಲಿವರ್ ಗಟ್ಟಿ ಮಾಡಿಬಿಡುತ್ತದೆ. ಪೋಸ್ಟರಿನ ಆ ಕೊಳೆತ ಲಿವರ್ ಬಹಳ ಸಲ ಈ ವೈರಸ್ಸಿನ ಕೆಲಸ. ಒಳ್ಳೆಯ ಸುದ್ದಿ ಎಂದರೆ ಈಗ ಮೂರು ತಿಂಗಳ ಮಾತ್ರೆಯಿಂದ ಇದು ಬಹುತೇಕರಲ್ಲಿ ಪೂರ್ತಿ ವಾಸಿಯಾಗುತ್ತದೆ. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ. ಒಂದು ಕಾಲದಲ್ಲಿ ಸೂಜಿ ಬಳಸಿ, ಈಗ ಎಲ್ಲ ಬಿಟ್ಟು ಸಂಸಾರ ಮಾಡಿಕೊಂಡಿರುವವರೂ ಒಂದು ಸಲ ರಕ್ತ ಪರೀಕ್ಷೆ ಮಾಡಿಸುವುದು ವಾಸಿ.

ಚರ್ಮದ ಮೇಲಿನ ರೋಗಾಣು ಸೂಜಿಯ ಜೊತೆ ರಕ್ತಕ್ಕೆ ಹೋದರೆ ನೇರ ಹೃದಯದ ಬಲಭಾಗ ತಲುಪುತ್ತದೆ. ಅಲ್ಲಿನ ಕವಾಟದ ಮೇಲೆ ಕೂತು ಅದನ್ನೇ ತಿನ್ನುತ್ತದೆ. ವಾರಗಟ್ಟಲೆ ಬಿಡದ ಜ್ವರ, ಕೆಮ್ಮು ಅಂತ ಬಂದ ಇಪ್ಪತ್ತೈದರ ಹುಡುಗನ ತೋಳನ್ನು ವೈದ್ಯರು ತಿರುಗಿಸಿ ನೋಡುವುದು ಇದಕ್ಕೇ. ಚುಚ್ಚಿ ಚುಚ್ಚಿ ರಕ್ತನಾಳ ಮುಚ್ಚಿಹೋಗುತ್ತದೆ, ಕೀವು ತುಂಬಿದ ಗಡ್ಡೆಗಳಾಗುತ್ತವೆ.

ಮಾತ್ರೆ ಕದಡಿ ಚುಚ್ಚಿಕೊಳ್ಳುವುದು ಇನ್ನೂ ಕೆಟ್ಟದ್ದು. ಮಾತ್ರೆ ಅಂದರೆ ಬರೀ ಔಷಧಿಯಲ್ಲ. ಅದನ್ನು ಗಟ್ಟಿಯಾಗಿ ಹಿಡಿದಿಡಲು ಸೇರಿಸಿದ ಪುಡಿಯೂ ಇರುತ್ತದೆ. ಹೊಟ್ಟೆಗೆ ಹೋದರೆ ಅದು ಏನೂ ಮಾಡುವುದಿಲ್ಲ. ನರಕ್ಕೆ ಹೋದರೆ ಕರಗದೆ ಶ್ವಾಸಕೋಶದ ಕೂದಲೆಳೆಯಂಥ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ವರ್ಷಗಳ ನಂತರ ಮಹಡಿ ಹತ್ತಿದರೆ ಏದುಸಿರು.

ಸೂಜಿ ಬೇಡ, ಫಾಯಿಲ್ ಮೇಲೆ ಬಿಸಿ ಮಾಡಿ ಹೊಗೆ ಎಳೆದರೆ ಪರವಾಗಿಲ್ಲ ಅನ್ನುವ ನಂಬಿಕೆಯೂ ಇದೆ. ಸೋಂಕು ಕಮ್ಮಿ, ನಿಜ. ಶ್ವಾಸಕೋಶ ಮಾತ್ರ ವಯಸ್ಸಿಗೆ ಮುಂಚೆ ಸವೆಯುತ್ತದೆ. ಹೊಗೆ ಎಳೆದವರ ಮೆದುಳಿನ ಬಿಳಿ ಭಾಗವೇ ಹಾಳಾಗುವ ಅಪರೂಪದ ಕಾಯಿಲೆಯನ್ನು 1982ರಲ್ಲಿ ನೆದರ್ಲೆಂಡ್ಸ್‌ನ ವೈದ್ಯರು ವರದಿ ಮಾಡಿದ್ದರು.

ಎಲ್ಲ ಕೂಡಿದರೆ ಏನಾಗುತ್ತದೆ? ಕ್ಯಾಲಿಫೋರ್ನಿಯಾದಲ್ಲಿ 1960ರ ದಶಕದ ಆರಂಭದಲ್ಲಿ ಚಿಕಿತ್ಸೆಗೆ ಸೇರಿಸಿದ್ದ 581 ಗಂಡಸರನ್ನು ಸಂಶೋಧಕರು 33 ವರ್ಷ ಹಿಂಬಾಲಿಸಿದರು. ಕೊನೆಯಲ್ಲಿ ಲೆಕ್ಕ ಹಾಕಿದಾಗ 284 ಮಂದಿ ಸತ್ತಿದ್ದರು. ಹೆಚ್ಚುಕಮ್ಮಿ ಅರ್ಧ.

ಅಪಾಯ ಶುರುವಾಗುವ ದಿನ

ಈಗ ಮುಖ್ಯ ವಿಷಯ. ಮನೆಯವರು ಸಾಲ ಮಾಡಿ ಮಗನನ್ನು ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸುತ್ತಾರೆ. ಹದಿನೈದು ದಿನ, ಒಂದು ತಿಂಗಳು. ಮೈ ತುಂಬಿಕೊಂಡು ವಾಪಸ್ ಬರುತ್ತಾನೆ. ಚಾಮುಂಡಿ ಬೆಟ್ಟಕ್ಕೆ ಹೋಗಿ ಹರಕೆ ತೀರಿಸುತ್ತಾರೆ. ಗೆದ್ದೆವು ಅಂದುಕೊಳ್ಳುವ ಆ ಹೊತ್ತೇ ಅವನ ಪ್ರಾಣಕ್ಕೆ ಅತಿ ದೊಡ್ಡ ಅಪಾಯದ ಹೊತ್ತು.

ಕಾರಣ ಸರಳ. ನೀರು ನಿಂತ ಮೇಲೆ ದೇಹ ಏರಿಯನ್ನು ಇಳಿಸಿಬಿಟ್ಟಿರುತ್ತದೆ. ಇದಕ್ಕೆ ದಿನಗಳು, ವಾರಗಳು ಸಾಕು. ಆಸೆ ಮಾತ್ರ ಅಷ್ಟು ಬೇಗ ಇಳಿಯುವುದಿಲ್ಲ. ಹಳೇ ಗೆಳೆಯ, ಹಳೇ ಜಾಗ, ಒಂದು ಜಗಳ, ಒಂದು ಸಂಬಳದ ದಿನ ಸಾಕು. ತಗೊಳ್ಳುವಾಗ ಕೈ ಅಳೆಯುವುದು ಹಳೇ ಪ್ರಮಾಣವನ್ನೇ. ಇಳಿದ ಏರಿಗೆ ಹಳೇ ಪ್ರವಾಹ. ಉಸಿರು ನಿಲ್ಲುತ್ತದೆ.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಜೈಲಿನಿಂದ ಬಿಡುಗಡೆಯಾದವರ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಹೊರಬಂದ ಮೊದಲ ಎರಡು ವಾರಗಳಲ್ಲಿ ಡ್ರಗ್ಸ್ ಓವರ್‌ಡೋಸಿನಿಂದ ಸಾಯುವ ಅಪಾಯ ಸಾಮಾನ್ಯ ಜನರಿಗಿಂತ 129 ಪಟ್ಟು. ಜೈಲು ಇರಲಿ, ಬೀಗ ಹಾಕಿದ ವ್ಯಸನಮುಕ್ತಿ ಕೇಂದ್ರ ಇರಲಿ, ದೇಹದ ಲೆಕ್ಕ ಒಂದೇ.

ಇಂಥ ಹೊತ್ತಿನಲ್ಲಿ ಕಾಣುವುದು ಇಷ್ಟು. ಕೂಗಿದರೂ ಏಳುವುದಿಲ್ಲ. ತುಟಿ, ಉಗುರು ನೀಲಿ. ಕಣ್ಣಪಾಪೆ ಸಾಸಿವೆ ಕಾಳಿನಷ್ಟು. ಉಸಿರು ಅಲ್ಲೊಂದು ಇಲ್ಲೊಂದು, ಮಧ್ಯೆ ಗೊರಕೆಯಂಥ ಸದ್ದು. ಮಲಗಿದ್ದಾನೆ ಬಿಡಿ ಅಂತ ಮನೆಯವರು ಬಾಗಿಲು ಹಾಕುವುದು ಈ ಗೊರಕೆ ಕೇಳಿಯೇ. ಮಾಡಬೇಕಾದ್ದು 108ಕ್ಕೆ ಕರೆ. ಆಸ್ಪತ್ರೆಯಲ್ಲಿ ನಲೋಕ್ಸೋನ್ ಎಂಬ ಇಂಜೆಕ್ಷನ್ ಕೊಟ್ಟರೆ ಅದು ಬೀಗದಿಂದ ಕೀಲಿಯನ್ನು ತಳ್ಳಿಹಾಕುತ್ತದೆ. ಕೆಲವೇ ನಿಮಿಷದಲ್ಲಿ ಉಸಿರು ಮರಳಬಹುದು. ಎಂಡಿ ತಗೊಂಡವನಿಗೆ ಇದರಿಂದ ಉಪಯೋಗವಿಲ್ಲ. ಏನು ತಗೊಂಡಿದ್ದ ಅಂತ ಮುಚ್ಚಿಡದೆ ಹೇಳಿ ಅನ್ನುವುದು ಅದಕ್ಕೇ. ಅಮೆರಿಕದಲ್ಲಿ 2023ರಿಂದ ನಲೋಕ್ಸೋನ್ ಮೂಗಿನ ಸ್ಪ್ರೇ ಚೀಟಿಯಿಲ್ಲದೆ ಅಂಗಡಿಯಲ್ಲಿ ಸಿಗುತ್ತದೆ. ನಮ್ಮಲ್ಲಿ ಇದು ಹೆಚ್ಚಾಗಿ ಆಸ್ಪತ್ರೆಯ ಔಷಧಿಯಾಗಿಯೇ ಉಳಿದಿದೆ.

ಸರ್ಕಾರ ಕೊಡುವ ಮಾತ್ರೆ

ಈಗ ಆ ಮಾತ್ರೆಯ ವಿಚಾರ. ಅದರ ಹೆಸರು ಬ್ಯುಪ್ರೆನಾರ್ಫಿನ್. ಇದೂ ಅದೇ ಬೀಗದ ಕೀಲಿ, ಆದರೆ ಅರ್ಧ ಮಾತ್ರ ತಿರುಗುವ ಕೀಲಿ. ಬೀಗದಲ್ಲಿ ಬಿಗಿಯಾಗಿ ಕೂತು ಆಕಳಿಕೆ, ನುಲಿತ, ತಹತಹ ತಡೆಯುತ್ತದೆ. ಪೂರ್ತಿ ನಶೆ ಕೊಡುವುದಿಲ್ಲ. ಡೋಸ್ ಏರಿಸಿದರೂ ಉಸಿರಿನ ಮೇಲಿನ ಒತ್ತಡ ಒಂದು ಮಟ್ಟ ದಾಟುವುದಿಲ್ಲ, ಜೊತೆಗೆ ಹೆಂಡ, ನಿದ್ದೆಮಾತ್ರೆ ಇಲ್ಲದಿದ್ದರೆ. ಮೇಲೆ ಹೆರಾಯಿನ್ ತಗೊಂಡರೆ ಕೂರಲು ಅದಕ್ಕೆ ಜಾಗವೇ ಸಿಗುವುದಿಲ್ಲ.

ಚಿಕಿತ್ಸಾ ಕೇಂದ್ರದಲ್ಲಿ ಇದನ್ನು ಸಾಮಾನ್ಯವಾಗಿ ಕೈಗೆ ಕೊಟ್ಟು ಕಳಿಸುವುದಿಲ್ಲ. ನರ್ಸ್ ಎದುರಿಗೇ ಮಾತ್ರೆಯನ್ನು ಪುಡಿ ಮಾಡಿ ನಾಲಿಗೆ ಕೆಳಗೆ ಹಾಕಿಸುತ್ತಾರೆ. ಕರಗುವ ತನಕ ಅವನು ಬೆಂಚಿನ ಮೇಲೆ ಬಾಯಿ ಮುಚ್ಚಿ ಕೂರಬೇಕು. ಆಮೇಲೆ ಬಾಯಿ ತೆಗೆದು ತೋರಿಸಬೇಕು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಇದನ್ನು ನಡೆಸುವುದು ಮುಖ್ಯವಾಗಿ ಸೂಜಿ ಬಳಸುವವರಿಗೆ. ಬಾಯಲ್ಲಿ ಕರಗುವ ಔಷಧಿ ಸಿಕ್ಕರೆ ಸೂಜಿ ಬಿಡುತ್ತಾರೆ, ಸೂಜಿ ಬಿಟ್ಟರೆ ಎಚ್‌ಐವಿ ತಗ್ಗುತ್ತದೆ ಅನ್ನುವುದು ಲೆಕ್ಕ. ಇನ್ನೊಂದು ಔಷಧಿ ಮೆಥಡೋನ್. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಇವೆರಡನ್ನೂ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿದ ಪರಿಶೀಲನೆಯೊಂದು 2017ರಲ್ಲಿ ಬಂತು. ಮೆಥಡೋನ್ ಚಿಕಿತ್ಸೆಯಲ್ಲಿ ಇರುವಾಗ ಸಾವು ವರ್ಷಕ್ಕೆ ಸಾವಿರಕ್ಕೆ ಸುಮಾರು 11. ಚಿಕಿತ್ಸೆ ಬಿಟ್ಟಾಗ ಸುಮಾರು 36. ಬ್ಯುಪ್ರೆನಾರ್ಫಿನ್‌ನಲ್ಲೂ ಚಿಕಿತ್ಸೆ ಬಿಟ್ಟವರ ಸಾವು ದುಪ್ಪಟ್ಟಿಗಿಂತ ಜಾಸ್ತಿ. ಏರಿಯ ಲೆಕ್ಕದಲ್ಲಿ ಹೇಳುವುದಾದರೆ, ಈ ಮಾತ್ರೆ ಏರಿ ಕುಸಿಯದಂತೆ ಹಿಡಿದಿಡುತ್ತದೆ. ಜಾರಿದರೂ ಸಾಯದಂತೆ ನೋಡಿಕೊಳ್ಳುತ್ತದೆ.

ವಿರೋಧ ಸುಮ್ನೆ ಹುಟ್ಟಿದ್ದಲ್ಲ

ಇದನ್ನು ಒಪ್ಪದವರೆಲ್ಲ ತಿಳಿಯದವರು ಅಂತ ತಳ್ಳಿಹಾಕುವುದು ತಪ್ಪು. ಬ್ಯುಪ್ರೆನಾರ್ಫಿನ್ ಕದ್ದು ಮಾರಾಟವಾಗಿದ್ದು, ಅದನ್ನೇ ಸೂಜಿಯಲ್ಲಿ ಚುಚ್ಚಿಕೊಂಡಿದ್ದು ನಮ್ಮ ದೇಶದಲ್ಲೇ ಆಗಿದೆ. ಮನೆಯವರ ನೋವೂ ಅರ್ಥವಾಗುವಂಥದ್ದು. ಮಗ ಪೂರ್ತಿ ಬಿಡಬೇಕು ಅನ್ನುವುದು ಅವರ ಆಸೆ, ದಿನಾ ಆಸ್ಪತ್ರೆ ಮುಂದೆ ಸಾಲು ನಿಲ್ಲಲಿ ಅಂತಲ್ಲ. ಮನಸ್ಸು ಗಟ್ಟಿ ಮಾಡಿ, ಜೊತೆಗಾರರ ಬೆಂಬಲದಿಂದ ಯಾವ ಔಷಧಿಯೂ ಇಲ್ಲದೆ ಬಿಟ್ಟವರು ನಿಜಕ್ಕೂ ಇದ್ದಾರೆ.

ವೈದ್ಯರ ವಾದ ಬೇರೆ. ಶುಗರ್, ಬಿಪಿ ಇದ್ದವರು ವರ್ಷಗಟ್ಟಲೆ ಮಾತ್ರೆ ತಗೊಂಡರೆ ಯಾರೂ ಅದನ್ನು ಚಟ ಅನ್ನುವುದಿಲ್ಲವಲ್ಲ ಅನ್ನುತ್ತಾರೆ ಅವರು. ಈ ಹೋಲಿಕೆ ಪೂರ್ತಿ ಸರಿಯಿಲ್ಲ. ಬಿಪಿ ಮಾತ್ರೆಯನ್ನು ಯಾರೂ ಕದ್ದು ಮಾರುವುದಿಲ್ಲ. ಆದರೂ ಸಾವಿನ ಅಂಕಿಗಳನ್ನು ಎದುರಿಗಿಟ್ಟುಕೊಂಡರೆ ತೂಕ ಇರುವುದು ಔಷಧಿಯ ಕಡೆಗೇ. ಪೂರ್ತಿ ಬಿಡುವುದು ಗುರಿಯಾಗಲಿ. ಅಲ್ಲಿಯವರೆಗೆ ಬದುಕಿರಬೇಕು ಅನ್ನುವುದು ಅದಕ್ಕಿಂತ ಮುಂಚಿನ ಮಾತು.

ಮೂರನೇ ವಾದ ಪೊಲೀಸ್ ಭಾಷೆಯದ್ದು: ಒದ್ದು ಒಳಗೆ ಹಾಕಿ. ಕಾನೂನು ಅಷ್ಟು ನೇರವಾಗಿಲ್ಲ. ಮಾದಕವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಹೆರಾಯಿನ್ ಸೇವನೆಗೆ ಒಂದು ವರ್ಷದ ತನಕ ಜೈಲು ಅಥವಾ 20,000 ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಅದೇ ಕಾಯ್ದೆಯ 64ಎ ಕಲಂ ಹೇಳುವುದು ಕಮ್ಮಿ ಜನಕ್ಕೆ ಗೊತ್ತು. ಸೇವನೆಯ ಅಥವಾ ಅಲ್ಪ ಪ್ರಮಾಣದ ಕೇಸಿನಲ್ಲಿ ಸಿಕ್ಕ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕಡೆ ಚಿಕಿತ್ಸೆಗೆ ಒಪ್ಪಿ ಅದನ್ನು ಮುಗಿಸಿದರೆ ವಿಚಾರಣೆಯಿಂದ ವಿನಾಯಿತಿ ಸಿಗುತ್ತದೆ. ಹೆರಾಯಿನ್ನಿನಲ್ಲಿ ಅಲ್ಪ ಪ್ರಮಾಣ ಅಂದರೆ 5 ಗ್ರಾಂ. 250 ಗ್ರಾಂ ದಾಟಿದರೆ ವಾಣಿಜ್ಯ ಪ್ರಮಾಣ, ಅದರ ಕಥೆಯೇ ಬೇರೆ.

ವ್ಯಸನಮುಕ್ತಿ ಅಂತ ಬೋರ್ಡು ಹಾಕಿ ಹೊಡೆಯುವ, ಸರಪಳಿ ಬಿಗಿಯುವ ಜಾಗಗಳಿಗೂ ಕಾನೂನು ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಇದನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಸರಪಳಿ ಹಾಕುವಂತಿಲ್ಲ. ಕೇಂದ್ರ ನೋಂದಣಿ ಆಗಿರಬೇಕು. ಸೇರಿಸುವ ಮುಂಚೆ ನೋಂದಣಿ ಪತ್ರ ತೋರಿಸಿ ಅಂತ ಕೇಳುವ ಹಕ್ಕು ಮನೆಯವರಿಗಿದೆ. ಕೇಳಿದರೆ ಮುಖ ಗಂಟಿಕ್ಕುವ ಕಡೆ ಬಿಡದಿರುವುದೇ ಮೇಲು.

ಮುಂದೆ ಏನಾಗಬಹುದು?

ಅಫ್ಘಾನಿಸ್ತಾನದಲ್ಲಿ ತಾಲಿಬಾನ್ 2022ರಲ್ಲಿ ಗಸಗಸೆ ಬೆಳೆ ನಿಷೇಧಿಸಿತು. ಮರುವರ್ಷ ಅಲ್ಲಿನ ಬೆಳೆ ಶೇ 95ರಷ್ಟು ಕುಸಿಯಿತು ಎಂದು ವಿಶ್ವಸಂಸ್ಥೆ ಲೆಕ್ಕ ಹಾಕಿತು. ಅಫೀಮು ಬೆಳೆಯುವುದರಲ್ಲಿ ಮ್ಯಾನ್ಮಾರ್ ಮುಂದೆ ಬಂತು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುವುದು ಈ ವ್ಯಾಪಾರದ ಸ್ವಭಾವ. ಅದೇ ನಿಯಮ ಊರಿನ ಮಟ್ಟದಲ್ಲೂ ನಡೆಯುತ್ತದೆ. ಪುಡಿ ಸಿಗದಿದ್ದರೆ ಮಾತ್ರೆ, ಮಾತ್ರೆ ಬಿಗಿಯಾದರೆ ಎಂಡಿ. ದಾಳಿಗಳು ಬೇಕು, ಆದರೆ ದಾಳಿಯೊಂದರಿಂದ ಚಟ ಇದ್ದವನ ದೇಹದ ಬೀಗ ಬದಲಾಗುವುದಿಲ್ಲ.

ಮೈಸೂರು, ಮಂಡ್ಯದಲ್ಲಿ ಸದ್ಯಕ್ಕೆ ಹೆಚ್ಚು ಕಾಡುವ ಸಾಧ್ಯತೆ ಇರುವುದು ಮಾತ್ರೆ ಮತ್ತು ಸಿರಿಂಜಿನ ಜೋಡಿ ಅನ್ನುವುದು ನನ್ನ ಅಂದಾಜು. ಅದರ ಪರಿಣಾಮ ನಾಳೆಯೇ ಕಾಣುವುದಿಲ್ಲ. ಹತ್ತು ವರ್ಷ ಬಿಟ್ಟು ಲಿವರ್ ವಾರ್ಡಿನಲ್ಲಿ, ಎದೆರೋಗದ ಒಪಿಡಿಯಲ್ಲಿ ಕಾಣುತ್ತದೆ. ಆಗ ಅದನ್ನು ಯಾರೂ ಡ್ರಗ್ಸ್ ಸುದ್ದಿ ಅಂತ ಬರೆಯುವುದಿಲ್ಲ.

ಸಲಹೆಗೆ ರಾಷ್ಟ್ರೀಯ ಸಹಾಯವಾಣಿ 14446 ಇದೆ, ಕರೆ ಉಚಿತ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗವಿದೆ. ಆದರೆ ದಿನಾ ಬಂದು ನಾಲಿಗೆ ಕೆಳಗೆ ಮಾತ್ರೆ ಇಟ್ಟುಕೊಳ್ಳಿ ಅನ್ನುವ ಪದ್ಧತಿಗೆ ದೂರವೇ ದೊಡ್ಡ ಶತ್ರು. ಕೆ.ಆರ್. ಪೇಟೆ ಕಡೆಯ ಕೂಲಿಯೊಬ್ಬ ದಿನಾ ಬಸ್ಸು ಹತ್ತಿ ಮೈಸೂರಿನ ದೊಡ್ಡಾಸ್ಪತ್ರೆಗೋ ಮಂಡ್ಯದ ಮಿಮ್ಸ್‌ಗೋ ಹೋಗಿ ಬರಬೇಕು ಅಂದರೆ ಅವತ್ತಿನ ಕೂಲಿ ಹೋಯಿತು. ನಾಲ್ಕನೇ ದಿನ ಅವನು ಬರುವುದಿಲ್ಲ. 2020ರ ಲಾಕ್‌ಡೌನ್ ಸಮಯದಲ್ಲಿ ಇಂಥವರಿಗೆ ಕೆಲವು ದಿನದ ಮಾತ್ರೆಯನ್ನು ಮನೆಗೇ ಕೊಟ್ಟು ಕಳಿಸಲು ಏಡ್ಸ್ ನಿಯಂತ್ರಣ ಸಂಸ್ಥೆ ಅನುಮತಿ ಕೊಟ್ಟಿತ್ತು. ಕದ್ದು ಮಾರುವ ಭಯ ಒಂದು ಕಡೆ, ನಾಲ್ಕನೇ ದಿನ ತಪ್ಪುವ ಬಸ್ಸು ಇನ್ನೊಂದು ಕಡೆ. ತಾಲ್ಲೂಕು ಆಸ್ಪತ್ರೆಗಳವರೆಗೆ ಈ ಚಿಕಿತ್ಸೆ ಬರುತ್ತದೋ ಇಲ್ಲವೋ ಅನ್ನುವುದು ಇವೆರಡರಲ್ಲಿ ಯಾವ ಭಯ ದೊಡ್ಡದು ಅಂತ ಆರೋಗ್ಯ ಇಲಾಖೆ ಲೆಕ್ಕ ಹಾಕುತ್ತದೆ ಅನ್ನುವುದರ ಮೇಲೆ ನಿಂತಿದೆ.